ನಾಗವಲ್ಲಿಗೆ ಸಿಕ್ಕಿದ್ದು ಗೊಂಬೆ

ಇವತ್ತು ಹೊರಗೆ ಹೋಗುವುದು ಬೇಡ ಎಂದು ಗಂಡ ಹೆಂಡತಿಗೆ ಹೇಳುತ್ತಾನೆ. ಕೂಗಾಡುವುದಿಲ್ಲ, ಕೈ ಎತ್ತುವುದಿಲ್ಲ. ಖರೀದಿಗೆಂದು ಹೊರಟು ನಿಂತವಳಿಗೆ ಬೇಡ ಎನ್ನುತ್ತಾನೆ, ಅಷ್ಟೇ. ಆಕೆ ಮೊದಲು ಅದನ್ನು ತಮಾಷೆ ಎಂದುಕೊಳ್ಳುತ್ತಾಳೆ. ಆಮೇಲೆ ಯಾಕೆ ಎಂದು ಕೇಳುತ್ತಾಳೆ. ಸರಿಯಾದ ಉತ್ತರ ಸಿಗದೆ ಮತ್ತೆ ಕೇಳುವ ಹೊತ್ತಿಗೆ ದನಿ ಗಡುಸಾಗಿರುತ್ತದೆ, ಹುಬ್ಬು ಏರಿರುತ್ತದೆ, ಎದುರಿಗಿರುವವನು ತನ್ನ ಗಂಡ ಎಂಬ ಗುರುತು ಕಣ್ಣಿನಿಂದ ಜಾರಿರುತ್ತದೆ. ಮರುಕ್ಷಣ ಭಾರೀ ಮಂಚವೊಂದು ಅವಳ ಕೈಯಲ್ಲಿ ಮೇಲೇಳುತ್ತದೆ.

'ಆಪ್ತಮಿತ್ರ' ಚಿತ್ರ ನೋಡಿದವರು ಈ ದೃಶ್ಯವನ್ನು ಮರೆತಿರಲಾರರು. ಎಲ್ಲರ ನೆನಪಿನಲ್ಲಿ ಉಳಿದದ್ದು ಮಂಚ. ಟೀವಿಯಲ್ಲಿ ಬಂದಾಗಲೆಲ್ಲ ಬಿಡದೆ ನೋಡುವ ನನ್ನ ತಲೆಯಲ್ಲಿ ಕೊರೆಯುತ್ತ ಉಳಿದದ್ದು ಆ 'ಬೇಡ'. ಏಕೆಂದರೆ ಅದು ಗಂಡನ ಸ್ವಂತ ಮಾತಲ್ಲ, ವೈದ್ಯ ಹೇಳಿಕೊಟ್ಟದ್ದು. ಹೆಂಡತಿ ಗಂಗಾಳ ಒಳಗೆ ಸತ್ತ ನರ್ತಕಿ ನಾಗವಲ್ಲಿ ಇದ್ದಾಳೆ ಎಂಬುದನ್ನು ಗಂಡನಿಗೆ ಕಣ್ಣಾರೆ ತೋರಿಸಬೇಕು, ಅದಕ್ಕೆ ಅವಳನ್ನು ಕೆರಳಿಸಬೇಕು. ಹೇಗೆ ಕೆರಳಿಸುವುದು? ಮಂತ್ರ ಬೇಕಾಗಲಿಲ್ಲ, ನಿಂಬೆಹಣ್ಣು ಕುಂಕುಮ ಬೇಕಾಗಲಿಲ್ಲ. ಹೆಂಡತಿಯ ಒಂದು ಸಣ್ಣ ಆಸೆಗೆ ಗಂಡ ಅಡ್ಡ ಬಂದರೆ ಸಾಕು, ಎಷ್ಟೋ ಕಾಲ ಹಿಂದಿನ ಹೆಣ್ಣು ಎದ್ದು ಬರುತ್ತಾಳೆ ಎಂಬುದು ವೈದ್ಯನ ಲೆಕ್ಕಾಚಾರ. ಆ ಲೆಕ್ಕಾಚಾರ ತಪ್ಪುವುದಿಲ್ಲ. ಇಷ್ಟು ದೊಡ್ಡ ಮಾತನ್ನು ಆಡಿದ ಚಿತ್ರ ಅದರ ಮೇಲೆ ಒಂದು ಗಳಿಗೆಯೂ ನಿಲ್ಲದೆ ಮುಂದಕ್ಕೆ ಓಡುತ್ತದೆ. ತಾನು ಏನು ಹೇಳಿದೆನೆಂದು ಅದಕ್ಕೇ ಗೊತ್ತಾಗಲಿಲ್ಲವೇನೋ.

ಕಥೆ ಗೊತ್ತಿರುವುದೇ. ರಮೇಶ, ಗಂಗಾ ಎಂಬ ಹೊಸ ಕಾಲದ ದಂಪತಿ ಮೈಸೂರು ಸೀಮೆಯ ಹಳೆಯ ಅರಮನೆಯೊಂದನ್ನು ಕೊಂಡು ಕುಟುಂಬ ಸಮೇತ ವಾಸಕ್ಕೆ ಬರುತ್ತಾರೆ. ಬೀಗ ಹಾಕಿದ ಒಂದು ಕೋಣೆ. ಒಳಗೆ ನಾಗವಲ್ಲಿ ಎಂಬ ನರ್ತಕಿಯ ಚಿತ್ರಪಟ, ಒಡವೆ, ಗೆಜ್ಜೆ. ರಾಜ ಅವಳನ್ನು ಆಂಧ್ರದಿಂದ ಕರೆತಂದಿದ್ದ. ಅವಳು ಒಲಿದದ್ದು ಅರಮನೆಯ ಎದುರಿಗೆ ವಾಸವಿದ್ದ ನರ್ತಕ ರಾಮನಾಥನಿಗೆ. ರಾಜ ಇಬ್ಬರನ್ನೂ ಕೊಂದ. ಗಂಗಾ ಆ ಬೀಗ ತೆಗೆಯುತ್ತಾಳೆ, ನಾಗವಲ್ಲಿಯಾಗುತ್ತಾಳೆ, ದುರ್ಗಾಷ್ಟಮಿಯ ದಿನ ರಾಜನನ್ನು ಕೊಲ್ಲಲು ಕಾಯುತ್ತಾಳೆ. ವಿಷ್ಣುವರ್ಧನ್ ಅವರ ಡಾಕ್ಟರ್ ವಿಜಯ್ ಬಂದು ಎಲ್ಲವನ್ನೂ ಬಿಡಿಸುತ್ತಾನೆ. ಪಿ. ವಾಸು ನಿರ್ದೇಶಿಸಿ ದ್ವಾರಕೀಶ್ ನಿರ್ಮಿಸಿದ, 2004ರಲ್ಲಿ ತೆರೆಕಂಡ ಈ ಚಿತ್ರ ಕನ್ನಡದ ದೊಡ್ಡ ಗೆಲುವುಗಳಲ್ಲಿ ಒಂದು.

ಅರಮನೆ ಕೊಳ್ಳುವ ವಿಚಾರವನ್ನು ಚಿತ್ರ ಹಗುರವಾಗಿ ದಾಟಿಬಿಡುತ್ತದೆ, ನನಗೆ ಅದು ಹಗುರ ಅನ್ನಿಸುವುದಿಲ್ಲ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಸರ್ಕಾರ ಹಳೆಯ ರಾಜರಿಗೆ ಕೊಡುತ್ತಿದ್ದ ರಾಜಧನವನ್ನು ರದ್ದು ಮಾಡಿದ ಮೇಲೆ ದೇಶದುದ್ದಕ್ಕೂ ಎಷ್ಟೋ ಅರಮನೆಗಳು ಹೋಟೆಲುಗಳಾದವು, ಮದುವೆ ಛತ್ರಗಳಾದವು, ಕೆಲವು ಪಾಳು ಬಿದ್ದವು. ಸಂಬಳದ ಬಲದಲ್ಲಿ ಮೇಲೆ ಬಂದ ವರ್ಗಕ್ಕೆ ಅಂಥದೊಂದು ಗೋಡೆಯ ಒಳಗೆ ಬದುಕುವ ಆಸೆ ಹುಟ್ಟಿದ್ದು ಸಹಜ. ಆದರೆ ಕ್ರಯಪತ್ರದಲ್ಲಿ ಚೆಕ್ಕುಬಂದಿ ಬರೆಯುತ್ತಾರೆ, ಆ ಗೋಡೆಗಳ ನಡುವೆ ಯಾರನ್ನು ಕೊಂದರೆಂದು ಬರೆಯುವುದಿಲ್ಲ. ರಾಜನ ಮಂಚ ಬೇಕು, ರಾಜನ ದೀಪದ ಗೊಂಚಲು ಬೇಕು, ರಾಜನ ಕೊಲೆ ಮಾತ್ರ ಬೇಡ ಎನ್ನುವ ಕುಟುಂಬವಿದು. ಆ ಮನೆಯಲ್ಲಿ ಕೊಲೆಯ ಕಡೆಗೆ ಕುತೂಹಲದಿಂದ ತಿರುಗಿ ನೋಡುವವಳು ಒಬ್ಬಳೇ. ಉಳಿದವರು ಬೀಗ ಹಾಗೆಯೇ ಇರಲಿ ಎನ್ನುತ್ತಾರೆ; ಗಂಗಾ ಕಥೆ ಕೇಳುತ್ತಾಳೆ, ಒಡವೆ ಮುಟ್ಟುತ್ತಾಳೆ, ಚಿತ್ರಪಟದ ಎದುರು ನಿಲ್ಲುತ್ತಾಳೆ. ಸತ್ತ ಹೆಣ್ಣೊಬ್ಬಳ ಬದುಕನ್ನು ತಿಳಿಯಹೊರಟವಳಿಗೆ ಚಿತ್ರ ಕೊಡುವ ಪ್ರತಿಫಲ ಹುಚ್ಚು.

ಈ ಕಥೆಯ ಮೂಲ ಮಲಯಾಳ. 1993ರಲ್ಲಿ ಫಾಸಿಲ್ ನಿರ್ದೇಶಿಸಿದ 'ಮಣಿಚಿತ್ರತಾಳ್', ಬರೆದವರು ಮಧು ಮುಟ್ಟಂ. ಕೇರಳದ ಮುಟ್ಟಂನ ತರವಾಡೊಂದರಲ್ಲಿ, ಅಂದರೆ ಹಳೆಯ ಕೂಡುಕುಟುಂಬದ ಮನೆಯೊಂದರಲ್ಲಿ, ನಡೆದ ಕೊಲೆಯೇ ಈ ಕಥೆಗೆ ಬೀಜ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಸೋದರಳಿಯನಿಗೆ ಆಸ್ತಿ ಹೋಗುವ ಅಳಿಯಕಟ್ಟಿನ ಜಗಳದಲ್ಲಿ ಮನೆಯ ಯಜಮಾನನ ಜೊತೆಗೆ ಕೆಲಸದ ಹೆಣ್ಣೊಬ್ಬಳೂ ಸತ್ತಳಂತೆ. ಅದು ನಿಜವೆಂದೇ ಇಟ್ಟುಕೊಂಡರೆ, ಆಸ್ತಿಯ ಜಗಳ ತೆರೆಗೆ ಬರುವಷ್ಟರಲ್ಲಿ ಪ್ರೇಮದ ಜಗಳವಾಯಿತು, ಕೆಲಸದವಳು ನರ್ತಕಿಯಾದಳು. ಮನೆತನದ ಗುಟ್ಟುಗಳು ಕಥೆಯಾಗುವುದೇ ಹೀಗೆ: ಭೂಮಿಯ ವಿಷಯ ಒಳಕ್ಕೆ ಹೋಗುತ್ತದೆ, ಹೆಣ್ಣಿನ ವಿಷಯ ಹೊರಕ್ಕೆ ಬರುತ್ತದೆ. ಆ ಚಿತ್ರಕ್ಕೆ ಆರೋಗ್ಯಕರ ಮನರಂಜನೆಗಾಗಿ ಇರುವ ರಾಷ್ಟ್ರಪ್ರಶಸ್ತಿ ಬಂತು, ಗಂಗಾ ಪಾತ್ರಕ್ಕೆ ಶೋಭನಾ ಶ್ರೇಷ್ಠ ನಟಿ ಎನಿಸಿಕೊಂಡರು. ಹೆಣ್ಣೊಬ್ಬಳು ಸೀಳಿ ಎರಡಾಗುವ ಕಥೆಗೆ 'ಆರೋಗ್ಯಕರ' ಎಂಬ ಮುದ್ರೆ ಬಿದ್ದದ್ದನ್ನು ನೆನೆದು ನಾನು ಆಗಾಗ ನಗುತ್ತೇನೆ.

ಮುಂದೆ ಕಥೆ ಭಾಷೆಯಿಂದ ಭಾಷೆಗೆ ಹೋಯಿತು: ಕನ್ನಡದ ನಂತರ 2005ರಲ್ಲಿ ತಮಿಳಿನ 'ಚಂದ್ರಮುಖಿ', 2007ರಲ್ಲಿ ಹಿಂದಿಯ 'ಭೂಲ್ ಭುಲಯ್ಯಾ'. ಇವುಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮಲಯಾಳದ ನಾಗವಲ್ಲಿ ತಂಜಾವೂರಿನವಳು, ತಮಿಳು ಮಾತಾಡುತ್ತಾಳೆ. ಕನ್ನಡದ ನಾಗವಲ್ಲಿ ತೆಲುಗಿನವಳು; 'ರಾ ರಾ' ಹಾಡು ಅಚ್ಚ ತೆಲುಗು. ತಮಿಳಿನ ಚಂದ್ರಮುಖಿಯೂ ತೆಲುಗು ಮಾತಾಡುತ್ತಾಳೆ. ಹಿಂದಿಯ ಮಂಜುಲಿಕಾ ಬಂಗಾಳಿ. ಯಾವ ನಾಡಿನಲ್ಲಿ ಚಿತ್ರ ಮಾಡಿದರೂ ದೆವ್ವ ಗಡಿಯ ಆಚೆಯದು! ನಮ್ಮ ಮನೆಯ ಸೊಸೆ ಬಾಯಿ ತೆರೆದು ಕೂಗಿದರೆ ಅದು ನಮ್ಮ ಭಾಷೆಯಲ್ಲಿ ಇರಲು ಸಾಧ್ಯವೇ ಇಲ್ಲ ಎಂಬಂತೆ. ಕಥೆಯ ತರ್ಕಕ್ಕೆ ಅದರಿಂದ ಉಪಯೋಗವಿದೆ, ಒಪ್ಪುತ್ತೇನೆ. ಗೊತ್ತಿಲ್ಲದ ಭಾಷೆ ಬಾಯಲ್ಲಿ ಬಂದಾಗಲೇ ನೋಡುವವರ ಮೈ ಜುಮ್ಮೆನ್ನುವುದು. ಆದರೆ ಅದು ಮಾಡುವ ಇನ್ನೊಂದು ಕೆಲಸವೂ ಇದೆ. ಕನ್ನಡದ ಗಂಗಾ ಕನ್ನಡದಲ್ಲಿ ವಿಧೇಯಳಾಗಿಯೇ ಉಳಿಯುತ್ತಾಳೆ. ಕೋಪ, ಕಾಮ, ಸೇಡು ಎಲ್ಲವೂ ತೆಲುಗಿನ ಲೆಕ್ಕಕ್ಕೆ ಹೋಗುತ್ತವೆ. ಕೋಲಾರ ಸೀಮೆಯ ಮೂಲದ, ತೆಲುಗು ತೆರೆಯಲ್ಲಿ ದೊಡ್ಡ ಹೆಸರು ಮಾಡಿದ, ಗಂಗಾ ಪಾತ್ರದ ನಟಿ ಸೌಂದರ್ಯ ಎರಡನ್ನೂ ಒಂದೇ ಮುಖದಲ್ಲಿ ಆಡಿ ತೋರಿಸಿದರು. ಒಂದು ಭಾಷೆಯಿಂದ ಇನ್ನೊಂದಕ್ಕೆ ಅವರು ಜಾರುವಾಗ ಗಡಿ ಎಲ್ಲಿ ಮುಗಿಯಿತು ಎಂದು ಗೊತ್ತಾಗುವುದಿಲ್ಲ. ಚಿತ್ರ ಎಳೆದ ಗೆರೆಯನ್ನು ನಟಿ ಅಳಿಸಿದ್ದಾರೆ.

ಮೈಸೂರಿನ ಅರಮನೆಗೆ ನರ್ತಕಿಯನ್ನು ಆಂಧ್ರದಿಂದ ತರುವ ಅಗತ್ಯವೇನಿತ್ತು ಎಂದೂ ಕೇಳಬೇಕು. ಆಸ್ಥಾನ ನರ್ತಕಿಯರು ನಮ್ಮಲ್ಲೇ ಇದ್ದರು. ಜಟ್ಟಿ ತಾಯಮ್ಮ ಇದ್ದರು. ಅವರ ಶಿಷ್ಯೆ ವೆಂಕಟಲಕ್ಷ್ಮಮ್ಮ ಕಡೂರು ಬಳಿಯ ತಾಂಡಾದಲ್ಲಿ ಹುಟ್ಟಿದ ಲಂಬಾಣಿ ಹೆಣ್ಣುಮಗಳು. ಅಭಿನಯಕ್ಕೆ ಹೆಸರಾದ ವೆಂಕಟಲಕ್ಷ್ಮಮ್ಮ ಅರಮನೆಯಲ್ಲಿ ಕುಣಿದರು, ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, 1992ರಲ್ಲಿ ಪದ್ಮಭೂಷಣ ಪಡೆದರು. ತೀರಿಕೊಂಡದ್ದು 2002ರಲ್ಲಿ, 'ಆಪ್ತಮಿತ್ರ' ಬರುವುದಕ್ಕೆ ಎರಡೇ ವರ್ಷ ಮೊದಲು. ಅಂದರೆ ಅರಮನೆಯ ನರ್ತಕಿ ಎಂಬವಳು ಚಿತ್ರ ಬರುವ ಕಾಲಕ್ಕೆ ಪುರಾಣವಾಗಿರಲಿಲ್ಲ. ಮೈಸೂರಿನಲ್ಲಿ ಅವರ ಶಿಷ್ಯೆಯರು ಗೆಜ್ಜೆ ಕಟ್ಟುತ್ತಲೇ ಇದ್ದರು. ಎಲ್ಲ ನರ್ತಕಿಯರಿಗೂ ಇಂಥ ಗೌರವದ ಬದುಕು ಸಿಗಲಿಲ್ಲ ಎಂಬುದೂ ನಿಜ. ಮೈಸೂರು ಸಂಸ್ಥಾನ 1909ರಲ್ಲೇ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಕರ್ನಾಟಕ ಸರ್ಕಾರ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ತಂದಿತು. ತರಬೇಕಾಯಿತು ಎಂದರೆ ಅಲ್ಲಿಯವರೆಗೂ ಪದ್ಧತಿ ಉಸಿರಾಡುತ್ತಿತ್ತು ಎಂದರ್ಥ. ಹೆಣ್ಣನ್ನು ಕಲೆಯ ಹೆಸರಿನಲ್ಲಿ, ದೇವರ ಹೆಸರಿನಲ್ಲಿ ತಂದು ಇಟ್ಟುಕೊಂಡ ಚರಿತ್ರೆ ನಮ್ಮ ಅಂಗಳದಲ್ಲೇ ಇರುವಾಗ ನಾಗವಲ್ಲಿಯನ್ನು ಆಂಧ್ರದವಳೆಂದು ಮಾಡಿದ್ದರಿಂದ ನಮಗೊಂದು ನೆಮ್ಮದಿ ಸಿಕ್ಕಿತು.

ಇನ್ನು ಆ ಮನೆಯಲ್ಲಿ ದೆವ್ವ ಯಾರ ಮೇಲಿದೆ ಎಂಬ ಅನುಮಾನ ಮೊದಲು ಹೋಗುವುದು ಪ್ರೇಮಾ ಅಭಿನಯಿಸಿದ ಸೌಮ್ಯಳ ಮೇಲೆ. ಮಲಯಾಳದಲ್ಲಿ ಆ ಜಾಗದಲ್ಲಿರುವವಳು ಶ್ರೀದೇವಿ, ಜಾತಕದ ದೋಷದಿಂದ ಬದುಕು ಎಡವಿದವಳು. ಆ ಪಾತ್ರ ಮಾಡಿದವರು ನಮ್ಮ ವಿನಯಾ ಪ್ರಸಾದ್. ತಣ್ಣಗೆ ಒಂದು ಮೂಲೆಯಲ್ಲಿ ಇರುವ, ಕಡಿಮೆ ಮಾತಾಡುವ ಹೆಣ್ಣೇ ಮೊದಲ ಆರೋಪಿ. ಗಂಡಸರಲ್ಲಿ ಯಾರಿಗಾದರೂ ಹಿಡಿದಿರಬಹುದೇ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ.

ವೈದ್ಯನ ಬಗ್ಗೆ ಎರಡು ಮಾತು ಹೇಳಲೇಬೇಕು. ಚಿತ್ರ ಬಂದಾಗ ಅದನ್ನು ವಿಚಾರವಾದದ ಗೆಲುವು ಎಂದು ಕೊಂಡಾಡಿದವರಿದ್ದಾರೆ: ದೆವ್ವ ಅಂದುಕೊಂಡದ್ದು ಮನೋರೋಗ, ಮದ್ದು ಕೊಟ್ಟದ್ದು ಡಾಕ್ಟರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಮೈಮೇಲೆ ಬಂದವಳನ್ನು ಬೇವಿನ ಬರಲಿನಿಂದ ಬಡಿಯುವ, ಹೊಗೆ ಹಾಕುವ, ಕಂಬಕ್ಕೆ ಕಟ್ಟುವ ಪದ್ಧತಿಗಳ ನಾಡಿದು. ಕರ್ನಾಟಕ ಅಮಾನವೀಯ ಅನಿಷ್ಟ ಪದ್ಧತಿಗಳ ವಿರುದ್ಧ 2017ರಲ್ಲಿ ಕಾಯ್ದೆ ಮಾಡಿ, ಅದು ಜಾರಿಗೆ ಬರಲು 2020 ಆಯಿತು. ದೆವ್ವ ಬಿಡಿಸುವ ಹೆಸರಿನ ಹಿಂಸೆಯನ್ನು ಆ ಕಾಯ್ದೆ ಅಪರಾಧ ಎನ್ನುತ್ತದೆ. ಅದಕ್ಕೂ ಎಷ್ಟೋ ವರ್ಷ ಮೊದಲೇ ಜನಪ್ರಿಯ ಚಿತ್ರವೊಂದು, ಇದು ಕಾಯಿಲೆ, ಹೊಡೆಯಬೇಡಿ ಎಂದು ಹೇಳಿದ್ದಕ್ಕೆ ನಾನು ತಲೆಬಾಗುತ್ತೇನೆ.

ಆದರೆ ಕಡೆಯಲ್ಲಿ ಆಗುವುದೇನು? ವಿಜ್ಞಾನದ ವೈದ್ಯನೂ ಅವಿನಾಶ್ ಅವರ ಆಚಾರ್ಯರೂ ಕೈ ಜೋಡಿಸುತ್ತಾರೆ. ಒಬ್ಬರ ಹೋಮ, ಇನ್ನೊಬ್ಬರ ಮನಶ್ಶಾಸ್ತ್ರ. ಇದನ್ನು ಸಮನ್ವಯ ಎಂದು ಕರೆಯುವುದು ಸುಲಭ. ನನಗೆ ಕಾಣುವುದು ಇಬ್ಬರು ಗಂಡಸರ ಒಪ್ಪಂದ. ಇಬ್ಬರಿಗೂ ಅವಳ ಕಾಯಿಲೆಯ ಹೆಸರಿನ ಬಗ್ಗೆ ತಕರಾರಿದೆ, ಅವಳಿಗೆ ಏನಾಗಬೇಕು ಎಂಬುದರ ಬಗ್ಗೆ ಎಳ್ಳಷ್ಟೂ ತಕರಾರಿಲ್ಲ: ನಾಗವಲ್ಲಿ ಹೋಗಬೇಕು, ಗಂಗಾ ಉಳಿಯಬೇಕು. ಏನು ನಡೆಯುತ್ತಿದೆ, ನಿನಗೆ ಏನು ಬೇಕು ಎಂದು ಗಂಗಾಳನ್ನು ಎಚ್ಚರವಿರುವಾಗ ಕೂರಿಸಿಕೊಂಡು ಯಾರೂ ಕೇಳುವುದಿಲ್ಲ. ವಾಸಿಯಾದ ಮೇಲೆ ಅವಳಿಗೆ ಏನೂ ನೆನಪಿಲ್ಲ. ನೆನಪಿಲ್ಲದಿರುವುದೇ ಆರೋಗ್ಯ ಎಂದು ಚಿತ್ರ ನಂಬಿದೆ. ಬೀಗ ಬಿದ್ದ ಕೋಣೆ ಅರಮನೆಯಿಂದ ಅವಳ ತಲೆಯೊಳಗೆ ಸ್ಥಳಾಂತರವಾಯಿತು ಎಂದು ನನ್ನ ಭಾವನೆ.

ಮದ್ದು ಕೊಟ್ಟ ರೀತಿಯನ್ನು ಇನ್ನೂ ಹತ್ತಿರದಿಂದ ನೋಡಬೇಕು. ನಾಗವಲ್ಲಿಯ ಬೇಡಿಕೆ ಒಂದೇ, ರಾಜನ ಜೀವ. ವೈದ್ಯ ಅದಕ್ಕೆ ಒಪ್ಪಿದಂತೆ ನಟಿಸುತ್ತಾನೆ. ತಿರುಗುವ ಹಲಗೆ, ಕಣ್ಣಿಗೆ ಕವಿಯುವ ಹೊಗೆ, ಗದ್ದಲ. ಕಡೆಯ ಕ್ಷಣದಲ್ಲಿ ಮನುಷ್ಯನ ಜಾಗಕ್ಕೆ ಗೊಂಬೆ. ಅವಳು ಗೊಂಬೆಯನ್ನು ಕೊಲ್ಲುತ್ತಾಳೆ, ಸೇಡು ತೀರಿತು ಎಂದು ನಂಬುತ್ತಾಳೆ, ಹೊರಟುಹೋಗುತ್ತಾಳೆ. ಚಿತ್ರಮಂದಿರದಲ್ಲಿ ಚಪ್ಪಾಳೆ. ವೈದ್ಯಕೀಯವಾಗಿ ಇದು ಎಷ್ಟು ಸರಿ ಎಂಬ ಚರ್ಚೆ ನನ್ನದಲ್ಲ, ಸಿನಿಮಾಕ್ಕೆ ಅಷ್ಟು ಸ್ವಾತಂತ್ರ್ಯ ಇರಲಿ. ನನ್ನ ತಕರಾರು ಚಪ್ಪಾಳೆಯದು. ಅನ್ಯಾಯವಾದದ್ದು ನಿಜ ಎಂದು ಎಲ್ಲರೂ ಒಪ್ಪಿದ್ದಾರೆ. ರಾಜ ತಪ್ಪಿತಸ್ಥ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೂ ಅವಳಿಗೆ ಕೊಡಬಹುದಾದದ್ದು ನ್ಯಾಯದ ನಾಟಕವೊಂದೇ. ಸಮಿತಿ ನೇಮಿಸುವುದು, ಕಣ್ಣೀರು ಒರೆಸುವ ಭಾಷಣ ಮಾಡುವುದು, ಪ್ರತಿಮೆ ನಿಲ್ಲಿಸುವುದು, ನೊಂದವರ ಕೈಗೆ ನಾವು ಗೊಂಬೆ ಕೊಟ್ಟ ಪ್ರಸಂಗಗಳು ಒಂದೇ ಎರಡೇ? ಕೋಪ ಇಳಿದರೆ ಸಾಕು, ಮನೆ ಹಾಗೆಯೇ ಉಳಿಯಲಿ.

ಕೋಪಗೊಂಡ ಸತ್ತ ಹೆಣ್ಣಿನ ಜೊತೆ ವ್ಯವಹರಿಸುವ ಬೇರೆ ದಾರಿಯೂ ನಮ್ಮ ನಾಡಿನಲ್ಲೇ ಇದೆ, ಅದಕ್ಕಾಗಿಯೇ ಈ ಗೊಂಬೆ ನನಗೆ ಇಷ್ಟು ಚುಚ್ಚುತ್ತದೆ. ತುಳುನಾಡಿನ ಪಾಡ್ದನಗಳೆಂಬ ಜನಪದ ಕಥನಗೀತೆಗಳಲ್ಲಿ ಕಲ್ಲುರ್ಟಿಯ ಕಥೆ ಇದೆ. ಅವಳ ಅಣ್ಣ ಕಲ್ಕುಡ ಶಿಲ್ಪಿ. ಕಾರ್ಕಳದಲ್ಲಿ ಗೊಮ್ಮಟನನ್ನು ಕೆತ್ತಿದ. ಇಂಥದು ಇನ್ನೊಂದು ಕಡೆ ಆಗಬಾರದು ಎಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಉಳಿದ ಕೈಯಲ್ಲೇ ಅವನು ವೇಣೂರಿನಲ್ಲಿ ಮತ್ತೊಬ್ಬ ಗೊಮ್ಮಟನನ್ನು ನಿಲ್ಲಿಸಿದ ಎನ್ನುತ್ತದೆ ಪಾಡ್ದನ. ಚರಿತ್ರೆಯ ಪ್ರಕಾರ ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ಒಬ್ಬನೇ ಶಿಲ್ಪಿಯ ಆಯುಷ್ಯದಲ್ಲಿ ಹಿಡಿಸುವ ಅಂತರವಲ್ಲ. ಪಾಡ್ದನಕ್ಕೆ ಆ ಚಿಂತೆಯಿಲ್ಲ, ಅದಕ್ಕೆ ಬೇಕಾದದ್ದು ಅಣ್ಣನ ಕಡಿದ ಕೈ ಕಂಡ ತಂಗಿಯ ಸಿಟ್ಟು. ಅಣ್ಣ ತಂಗಿ ಇಬ್ಬರೂ ಮಾಯವಾಗಿ ಜನ ಆರಾಧಿಸುವ ಭೂತಗಳಾಗುತ್ತಾರೆ. ಕಲ್ಲುರ್ಟಿ ಕಾರ್ಕಳಕ್ಕೆ ಬೆಂಕಿಯಿಡುತ್ತಾಳೆ, ಅರಸನ ನೆಮ್ಮದಿ ಕೆಡಿಸುತ್ತಾಳೆ. ಅವಳ ಕೈಗೆ ಯಾರೂ ಗೊಂಬೆ ಕೊಡಲಿಲ್ಲ. ಅವಳಿಗೆ ಸ್ಥಾನ ಕಟ್ಟಿದರು, ಭೂತವನ್ನು ಮೈಮೇಲೆ ಬರಿಸುವ ಕೋಲದ ಸೇವೆ ಕೊಟ್ಟರು, ಇವತ್ತಿಗೂ ಕೊಡುತ್ತಾರೆ. ಕೋಲದ ರಾತ್ರಿ ಭೂತ ಬಾಯಿಬಿಟ್ಟು ತನ್ನ ಕಥೆ ಹೇಳುತ್ತದೆ, ಗುತ್ತಿನ, ಅಂದರೆ ಊರಿನ ದೊಡ್ಡ ಮನೆತನದ, ಯಜಮಾನ ಕೈಮುಗಿದು ನಿಂತು ಕೇಳಬೇಕು.

ಇದನ್ನು ಸ್ವರ್ಗ ಎಂದು ಬಣ್ಣಿಸಲು ನಾನು ಸಿದ್ಧನಿಲ್ಲ. ಕೋಲ ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯದವರು. ರಾತ್ರಿ ಯಜಮಾನನನ್ನು ಗದರಿಸಿದವನು ಬೆಳಗಾದರೆ ಅದೇ ಯಜಮಾನನ ಅಂಗಳದ ಹೊರಗೆ ನಿಲ್ಲಬೇಕಾಗಿದ್ದ ಕಾಲ ಬಹಳ ದೂರದ್ದಲ್ಲ. ಕಲ್ಲುರ್ಟಿಯ ಕೋಪವನ್ನೂ ಮೈಮೇಲೆ ತಂದುಕೊಳ್ಳುವುದು ಗಂಡಸು. ಗಂಡಿನ ಮೈಮೇಲೆ ಬಂದರೆ ದೈವ, ಮನೆಯ ಹೆಣ್ಣಿನ ಮೈಮೇಲೆ ಬಂದರೆ ಗಾಳಿ ಸೋಕಿದ್ದು ಎಂಬ ಲೆಕ್ಕ ಅಲ್ಲಿಯೂ ಅಳಿದಿಲ್ಲ. ಆದರೂ ಒಂದು ವ್ಯತ್ಯಾಸ ನಿಲ್ಲುತ್ತದೆ. ಅಲ್ಲಿ ಸತ್ತವಳ ದೂರು ವರ್ಷ ವರ್ಷ ಓದಿ ಹೇಳುವ ದಾಖಲೆಯಾಗಿ ಉಳಿಯಿತು, ಅರಸನ ಹೆಸರು ಅಪರಾಧಿಯ ಹೆಸರಾಗಿಯೇ ಉಳಿಯಿತು. ಅರಮನೆಯ ಕಥೆಯಲ್ಲಿ ಕಡತ ಮುಚ್ಚಿಹೋಯಿತು.

ಮೈಮೇಲೆ ಬರುವುದು ಬಲವಿಲ್ಲದವರ ಅಡ್ಡದಾರಿಯ ಪ್ರತಿಭಟನೆ ಎಂದು ಮಾನವಶಾಸ್ತ್ರಜ್ಞ ಐ. ಎಂ. ಲೂಯಿಸ್ 1971ರಲ್ಲೇ ವಾದಿಸಿದ್ದರು. ತಾನು ಆಡಲಾರದ ಮಾತನ್ನು ದೆವ್ವದ ಬಾಯಿಂದ ಆಡಿಸಿದರೆ ಆಡಿದವಳಿಗೆ ಶಿಕ್ಷೆಯಿಲ್ಲ. ಹಳ್ಳಿಯ ಹೆಂಗಸರಿಗೆ ಇದನ್ನು ಯಾವ ಪಂಡಿತರೂ ಕಲಿಸಬೇಕಾಗಿರಲಿಲ್ಲ. ಅತ್ತೆಯ ಮುಂದೆ ತಲೆ ಎತ್ತದ ಸೊಸೆ ಅಮಾವಾಸ್ಯೆಯಂದು ಅತ್ತೆಯನ್ನು ಏಕವಚನದಲ್ಲಿ ಜಾಡಿಸಿದ ಕಥೆಗಳು ಯಾವ ಊರಿನಲ್ಲಿಲ್ಲ? ಮಾತಾಡಿದ್ದು ಅವಳಲ್ಲ, ಅವಳಿಗೆ ಮೆಟ್ಟಿಕೊಂಡದ್ದು. ಮೂಲ ಮಲಯಾಳದಲ್ಲಿ ಗಂಗಾಳ ಬಾಲ್ಯಕ್ಕೆ ಒಂದು ಒಂಟಿತನವನ್ನು ಕೊಟ್ಟಿದ್ದರು: ಅಜ್ಜಿಯ ಹತ್ತಿರ ಬಿಟ್ಟುಹೋದ ತಂದೆ ತಾಯಿ, ಮದುವೆಯಾದ ಮೇಲೆ ಕೆಲಸದಲ್ಲೇ ಮುಳುಗಿದ ಗಂಡ. ಅವಳು ನಾಗವಲ್ಲಿಯಲ್ಲಿ ಆಸರೆ ಹುಡುಕಿದ್ದು ಏಕೆಂದು ಅದರಿಂದ ಅರ್ಥವಾಗುತ್ತದೆ. ಕನ್ನಡಕ್ಕೆ ಬರುವಾಗ ಈ ಎಳೆ ತೆಳುವಾಯಿತು, ನಾಯಕನ ಹೊಡೆದಾಟ ಮತ್ತು ಹಾಸ್ಯಕ್ಕೆ ಜಾಗ ಬೇಕಿತ್ತು. ನಷ್ಟವಾದದ್ದು ಗಂಗಾಳಿಗೆ. ಕಾರಣ ಕಳೆದುಕೊಂಡ ಕೋಪ ಬರೀ ಭಯವಾಗಿ ಕಾಣುತ್ತದೆ.

ಚಿತ್ರದ ಹೊರಗೆ ನಡೆದದ್ದು ಚಿತ್ರಕ್ಕಿಂತ ವಿಚಿತ್ರ. ಸೌಂದರ್ಯ 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಜನ 'ಆಪ್ತಮಿತ್ರ' ನೋಡಿದ್ದು ಅದಾದ ಮೇಲೆ. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಹೋದರು. ನಾಗವಲ್ಲಿಯ ಕಥೆಯನ್ನೇ ಮುಂದುವರಿಸಿದ 'ಆಪ್ತರಕ್ಷಕ' ಬಿಡುಗಡೆಯಾದದ್ದು 2010ರ ಫೆಬ್ರುವರಿಯಲ್ಲಿ. ಅಲ್ಲಿಗೆ ನಾಗವಲ್ಲಿಯ ಶಾಪ ಎಂಬ ಗುಲ್ಲೆದ್ದಿತು. ದೆವ್ವವಿಲ್ಲ, ಇರುವುದು ಮನಸ್ಸು ಎಂದು ಎರಡೂವರೆ ಗಂಟೆ ತಿಳಿಹೇಳಿದ ಕಥೆಯನ್ನು ನೋಡಿ ಹೊರಬಂದವರು ಆ ಕಥೆಯ ಪಾತ್ರಕ್ಕೇ ಹೆದರತೊಡಗಿದರು. ಎರಡು ಸಾವುಗಳ ದುಃಖವನ್ನು ಹೊರಿಸಲು ಯಾರಾದರೂ ಬೇಕಿತ್ತು. ಮತ್ತೆ ಸಿಕ್ಕಿದ್ದು ಕೊಲೆಯಾದ ನರ್ತಕಿಯೇ. ರಾಜನ ಶಾಪ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

'ಆಪ್ತರಕ್ಷಕ'ವನ್ನು ಒಳ್ಳೆಯ ಚಿತ್ರ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕತ್ತಿ ಹಿಡಿದು ಅಬ್ಬರಿಸುವ ರಾಜನ 'ಹೌಲಾ ಹೌಲಾ' ಕೇಳಿ ಮಕ್ಕಳೂ ನಕ್ಕರು. ಆದರೆ ಕಥೆ ಬರೆದವರಿಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಅಲ್ಲೊಂದು ಸಂಗತಿ ನುಸುಳಿದೆ. ನಾಗವಲ್ಲಿಯ ಚಿತ್ರಪಟ ಇನ್ನೊಂದು ಕುಟುಂಬದ ಮನೆ ಸೇರುತ್ತದೆ, ಅಲ್ಲಿಯೂ ಅದೇ ಗೋಳು, ಅದೇ ವೈದ್ಯ. ಅವನು ಹುಡುಕುತ್ತ ಹೋದಂತೆ ಬಯಲಾಗುವುದು ಇಷ್ಟು: ರಾಜ ವಿಜಯ ರಾಜೇಂದ್ರ ಬಹದ್ದೂರ್ ಸತ್ತೇ ಇಲ್ಲ. ನೂರು ದಾಟಿದ ವಯಸ್ಸಿನಲ್ಲಿ, ಜಡೆ ಗಡ್ಡ ಬೆಳೆಸಿಕೊಂಡು, ಇನ್ನೂ ಉಸಿರಾಡುತ್ತಿದ್ದಾನೆ.